ಐದೆಳೆ ಜಡೆ

ಅಟ್ಟದಿಂದ ಉರುಳಿದ ಬಟ್ಟೆಯ ಥಾನು ನೇರವಾಗಿ ಬಂದು ಅವಳ ಬಲಗೈ ಮೇಲೆ ಬಿತ್ತು. ಅದನ್ನು ಎಳೆದವನು ಟೈಲರ್ ಅಂಗಡಿಗೆ ಆವತ್ತೇ ಸೇರಿದ ಕಟಿಂಗ್ ಮಾಸ್ಟರ್.

"ಕೈ ವಾಸಿಯಾಗೋವರೆಗೂ ನಿಮ್ಮ ಎಲ್ಲಾ ಕೆಲಸ ನಂದು," ಅಂದ. ಮುಖ ಬಿಳಿಚಿಕೊಂಡಿತ್ತು.

ಹೊಲಿಗೆ ಯಂತ್ರದ ಮುಂದಿದ್ದ ನಮ್ಮ ಹುಡುಗಿಗೆ ನೋವಿಗಿಂತ ಕೋಪವೇ ಹೆಚ್ಚು. ಅಂಗಡಿಯವರು ಅವಳನ್ನು ಮೆಣಸಿನಕಾಯಿ ಅಂತ ಕರೆಯುತ್ತಿದ್ದದ್ದು ಸುಮ್ಮನೆ ಅಲ್ಲ.

"ಎಲ್ಲಾ ಅಂದ್ರೆ ಎಲ್ಲಾ? ಜಡೆ ಹಾಕ್ತೀರಾ?"

ಸೋಲಿಸಲೆಂದೇ ಕೇಳಿದ್ದು. ಅವನು ಹೂಂ ಅಂದುಬಿಟ್ಟ!

ಅಮ್ಮನಿಲ್ಲದ ಮನೆ, ಅಪ್ಪನಿಗೆ ಜಡೆ ಹಾಕಲು ಬಾರದು. ಹಾಗಾಗಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡ ಮೇಲೆ ಪ್ರತಿ ಬೆಳಿಗ್ಗೆ ಅಂಗಡಿಯಲ್ಲಿ ಅವನಿಗೆ ಬೆನ್ನು ಮಾಡಿ ಕೂರತೊಡಗಿದಳು. ಕಣ್ಣಳತೆಯಲ್ಲೇ ಕೋಟು ಕತ್ತರಿಸುವವನು ಮೂರೆಳೆ ಕೂದಲಿಗೆ ಬೆವರಿದ. ಮೊದಲ ಜಡೆ ಮಧ್ಯಾಹ್ನದೊಳಗೆ ಬಿಚ್ಚಿಹೋಯಿತು. ಬರಬರುತ್ತಾ ಕೈ ಪಳಗಿತು. ಆ ಬೆರಳುಗಳು ಕಿವಿಯ ಹಿಂದೆ ತಾಗಿದಾಗ ಮೆಣಸಿನಕಾಯಿಯ ಮಾತೇ ನಿಂತುಹೋಗುತ್ತಿತ್ತು.

ಊಟದ ಹೊತ್ತಿಗೆ ಮಾತ್ರ ಅವನು ಅಂಗಡಿಯಲ್ಲಿ ಕಸೂತಿ ಹಾಕುವ ಹುಡುಗಿಯ ಜೊತೆ ಮಾಯ. ಅದು ಅವಳಿಗೆ ಮುಳ್ಳು ಚುಚ್ಚಿದ ಹಾಗೆ.

ಪ್ಲಾಸ್ಟರ್ ಬಿಚ್ಚಿದ ಡಾಕ್ಟರು ಕೈ ಸರಿಹೋಗಿದೆ ಅಂದರು. ಅವಳು ಅಂಗಡಿಗೆ ಬಂದು ಇನ್ನೂ ನೋವಿದೆ ಅಂದಳು. ಬಟ್ಟೆಯ ಪಟ್ಟಿಯಲ್ಲಿ ಕೈ ತೂಗುಹಾಕಿಕೊಂಡು ಹಸಿ ಹಸಿ ಸುಳ್ಳು! ಹೊಣೆ ತಪ್ಪಿದರೆ ಅವನು ಮತ್ತೆ ಯಾಕೆ ಹತ್ತಿರ ಬರುತ್ತಾನೆ...

ಒಂದು ಮಧ್ಯಾಹ್ನ ಟ್ರಯಲ್ ರೂಮಿನ ಪರದೆ ಸರಿಸಿದಳು. ಸ್ಟೂಲಿನ ಮೇಲೆ ಕಸೂತಿ ಹುಡುಗಿ. ಅವಳ ಕೂದಲಿನಲ್ಲಿ ಮಾಸ್ಟರ್‌ನ ಬೆರಳು! ಇಬ್ಬರೂ ನಗುತ್ತಿದ್ದರು.

ಮೈಯೆಲ್ಲ ಉರಿದುಹೋಯಿತು. 'ನನಗೆ ಮಾಡೋದು ತಪ್ಪಿನ ಪರಿಹಾರಕ್ಕೆ, ಅವಳಿಗೆ ಮಾಡೋದು ಪ್ರೀತಿಗೆ.' ಸಂಜೆಯವರೆಗೂ ಆ ಜಡೆಯನ್ನೇ ನೋಡಿದಳು. ಎಷ್ಟು ಚೆಂದ ಹೆಣೆದಿದ್ದ, ಹಾಳಾದವನು... ನನಗೆ ಮೂರೆಳೆ, ಅವಳಿಗೆ ಐದೆಳೆ!

ಎಲ್ಲರೂ ಹೊರಟ ಮೇಲೆ ಕೈಪಟ್ಟಿ ಕಿತ್ತು ಅವನ ಮೇಜಿನ ಮೇಲೆ ಎಸೆದಳು.

"ಕೈ ಯಾವತ್ತೋ ವಾಸಿಯಾಗಿದೆ. ಸುಳ್ಳು ಹೇಳಿದ್ದೆ. ನಿಮ್ಮ ಹೊಣೆ ಮುಗೀತು, ಆರಾಮಾಗಿ ಐದೆಳೆ ಹಾಕ್ಕೊಂಡಿರಿ."

ಅವನು ಕತ್ತರಿ ಕೆಳಗಿಟ್ಟ.

"ವಾಸಿಯಾಗಿರೋದು ಗೊತ್ತಿತ್ತು. ಮೊನ್ನೆ ಇಸ್ತ್ರಿ ಪೆಟ್ಟಿಗೆ ಅದೇ ಕೈಯಲ್ಲಿ ಎತ್ತಿದ್ರಿ."

"ಮತ್ತೆ ಯಾಕೆ ಸುಮ್ನಿದ್ರಿ?"

"ಹೇಳಿದ್ರೆ ಜಡೆ ಹಾಕೋ ಕೆಲಸದಿಂದ ಬಿಡಿಸಿಬಿಡ್ತಿದ್ರಲ್ಲ."

ಅವಳು ಎಸೆದ ಕೈಪಟ್ಟಿಯನ್ನು ಮತ್ತೆ ಎತ್ತಿಕೊಂಡಳು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ.

"ಅವಳ ಜಡೆ?"

ಮೊದಲ ದಿನದಿಂದ ಕಸೂತಿ ಹುಡುಗಿಯ ತಲೆ ಮೇಲೇ ಕಲಿಯುತ್ತಿದ್ದೇನೆಂದು ಅವನು ಒಪ್ಪಿಕೊಂಡ. ಮೂರೆಳೆ ಬಂದದ್ದೂ ಅಲ್ಲೇ. ಬೈದುಕೊಂಡೇ ಹೇಳಿಕೊಡುತ್ತಿದ್ದಳಂತೆ. ಐದೆಳೆ ಸರಿಯಾಗಿ ಬಂದದ್ದು ಇವತ್ತೇ.

"ನಾಳೆ ನಿಮಗೆ ಹಾಕಿ, ಒಂದು ಮಾತು ಕೇಳೋಣ ಅಂತಿದ್ದೆ."

"ಏನು?"

"ಈ ಕೆಲಸ ಪರ್ಮನೆಂಟ್ ಮಾಡ್ತೀರಾ ಅಂತ."

ಅವಳು ಸ್ಟೂಲು ಎಳೆದುಕೊಂಡಳು. ಅವನಿಗೆ ಬೆನ್ನು ಮಾಡಿ ಕೂತು, ವಾಸಿಯಾದ ಕೈಯಿಂದಲೇ ಜಡೆ ಬಿಚ್ಚಿದಳು.

"ಹಾಕಿ. ಇನ್ನೊಬ್ಬರ ತಲೆ ಮುಟ್ಟಿದ್ರೆ ನೋಡಿ ಮತ್ತೆ."

"ಹೊಸ ಜಡೆ ಕಲೀಬೇಕಂದ್ರೆ?"

"ನನ್ನ ತಲೆ ಮೇಲೇ ಕಲೀರಿ. ಎಳೆದು ನೋಯಿಸಿದ್ರೂ ಪರವಾಗಿಲ್ಲ."