ಬಿಟ್ಟೆನೆಂದು ಬರೆದವರು

"ಅಯ್ಯೋ ರಾಮ, ಎಷ್ಟು ಧೂಳು!" ಎಂದು ತನ್ನಷ್ಟಕ್ಕೇ ಗೊಣಗುತ್ತ ನಿರುಪಮಾ ಹಳೆಯ ದಫ್ತರಕ್ಕೆ ಕೈಹಾಕಿದಳು.

"ಮುಟ್ಟಬೇಡಿ! ಹಾಳೆ ಉದುರುತ್ತೆ!"

ಡೆಟ್ರಾಯಿಟ್‌ನ ರಷ್ಯನ್ ಚರ್ಚಿನ ನೆಲಮಾಳಿಗೆಯಲ್ಲಿ ಕನ್ನಡ! ಬೆಚ್ಚಿ ತಿರುಗಿದಳು.

ಕಪಾಟಿಗೆ ಮೊಳೆ ಹೊಡೆಯುತ್ತಿದ್ದವನು ಶೇಷಗಿರಿ. ಕಾರು ಕಾರ್ಖಾನೆಯ ಎಂಜಿನಿಯರ್. ಭಿಲಾಯಿಯ ಉಕ್ಕಿನ ಕಾರ್ಖಾನೆಯಲ್ಲಿ ರಷ್ಯನ್ನರ ಜೊತೆ ದುಡಿದು ಅವರ ಭಾಷೆ ಕಲಿತಿದ್ದ. ಅವನು ಬಾಡಿಗೆಗಿದ್ದ ಮನೆಯ ಮಾಲೀಕಳಾದ ಮುದುಕಿ ಈ ಚರ್ಚಿನ ಭಕ್ತೆ, ಅವಳೇ ರಿಪೇರಿಗೆ ಕಳಿಸಿದ್ದಳು.

"ಮೈಸೂರಿನವರಿಗೆ ರಷ್ಯದ ಪಾದ್ರಿಗಳ ಉಸಾಬರಿ ಯಾಕೆ?" ಅವಳ ಊರು ಕೇಳಿ ತಿಳಿದು ಅವನು ನಕ್ಕ.

"ಬೋಲ್ಶೆವಿಕರು ಬಂದ ಮೇಲೆ ಹಳ್ಳಿ ಚರ್ಚುಗಳು ಹೇಗೆ ಬದುಕಿದ್ವು ಅಂತ ಷಿಕಾಗೋದಲ್ಲಿ ಪಿಎಚ್.ಡಿ. ಮಾಡ್ತಿದೀನಿ. ನಗಬೇಡಿ!"

"ಇಲ್ಲಾರೀ. ದೇವರ ದೀಪ ಆರಿಸಿದ್ರೆ ನಮ್ಮೂರಲ್ಲಿ ಸುಮ್ಮನಿರ್ತಿದ್ರಾ?"

ಆ ದಫ್ತರ ಸ್ಮೊಲೆನ್ಸ್ಕ್ ಕಡೆಯ ಪಾದ್ರಿಯೊಬ್ಬನದು. ಯಾವ ದಿನ ಯಾವ ಮಗುವಿಗೆ ದೀಕ್ಷಾಸ್ನಾನ ಮಾಡಿಸಿದನೆಂಬ ಪಟ್ಟಿ. ಎರಡನೇ ಮಹಾಯುದ್ಧದಲ್ಲಿ ಓಡಿಬಂದವರು ಎದೆಗವಚಿ ತಂದದ್ದು, ಹೊರಗೆ ಒಯ್ಯುವಂತಿರಲಿಲ್ಲ. ಶೇಷಗಿರಿ ವಾರಕ್ಕೊಂದು ಹಾಳೆ ಕೈಯಾರೆ ನಕಲು ಮಾಡಿ ಷಿಕಾಗೋಗೆ ಕಳಿಸತೊಡಗಿದ. ಜೊತೆಗೆ ಪತ್ರಗಳೂ ಬಂದವು. ದೀಪಾವಳಿಗೆ 'ಮದುವೆಯಾಗೋಣವೇ?' ಎಂದು ಕೇಳಿದ. ಅವಳು ಒಪ್ಪಿ ಬರೆದಳು.

೧೯೭೫ರ ಜನವರಿಯಲ್ಲಿ ಎರಡೇ ಸಾಲು ಬಂತು. 'ನನ್ನ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮರೆತುಬಿಡಿ.'

ಏಕೆ? ತನ್ನಿಂದ ಏನು ತಪ್ಪಾಯಿತು? ಫೋನ್ ಮಾಡಿದರೆ ಎತ್ತುವವರಿಲ್ಲ...

ಆದರೆ ಮುಂದಿನ ವಾರವೂ ಹಾಳೆ ಬಂತು! ಅದರ ಮರುವಾರವೂ! ಪತ್ರವಿಲ್ಲ, ಬರೀ ನಕಲು. ಬೇಡವೆಂದವನು ಇದನ್ನೇಕೆ ಕಳಿಸುತ್ತಾನೆ? ಕನಿಕರವೇ? ದೇವರೇ, ಯಾವುದನ್ನು ನಂಬಲಿ...

ಐದನೆಯ ಹಾಳೆ ಓದುತ್ತಲೇ ಅವಳು ಅದನ್ನು ಹಿಡಿದು ಅಡುಗೆಮನೆಗೆ ಓಡಿದಳು.

"ಮಲ್ಲಮ್ಮ, ಇಲ್ನೋಡು! 'ದೇವರಿಲ್ಲ, ಪಾದ್ರಿತನ ಬಿಟ್ಟೆ' ಅಂತ ಈ ಪಾದ್ರಿ ೧೯೨೯ರಲ್ಲಿ ಸೋವಿಯತ್ ಪತ್ರಿಕೇಲಿ ಹೇಳಿಕೆ ಕೊಟ್ಟಿದ್ದನ್ನ ಲೈಬ್ರರೀಲಿ ಓದಿದ್ದೆ. ಈ ಹಾಳೇಲಿ ನೋಡಿದ್ರೆ, ಅದಾಗಿ ಎರಡು ತಿಂಗಳ ಮೇಲೆ ಹನ್ನೊಂದು ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದ್ದಾನೆ!"

"ಹಂಗಾರ ಯಾವುದು ಖರೆ?" ಎಂದಳು ಅವಳ ಜೊತೆ ಮನೆ ಹಂಚಿಕೊಂಡಿದ್ದ ಧಾರವಾಡದ ಡಾಕ್ಟರ್ ಮಲ್ಲಮ್ಮ.

"ಹೆದರಿಸಿ ಬರೆಸಿರ್ತಾರೆ. ಬರೆದದ್ದನ್ನಲ್ಲ, ಆಮೇಲೆ ಮಾಡಿದ್ದನ್ನ ನೋಡಬೇಕು."

"ಭಾಳ ಶಾಣ್ಯಾಕಿ ಅದೀ ನೋಡವ್ವಾ! ಸತ್ತ ಪಾದ್ರಿ ಮನಸ್ಸು ತಿಳೀತದ, ಜೀವಂತ ಇರೋ ಗಂಡಸಿಂದು ತಿಳಿಯಂಗಿಲ್ಲ?"

ನಿರುಪಮಾ ಆ ಎರಡು ಸಾಲಿನ ಪತ್ರವನ್ನು ತೆಗೆದು ಹಾಳೆಗಳ ಪಕ್ಕಕ್ಕಿಟ್ಟಳು. ಮರುದಿನ ಬೆಳಿಗ್ಗೆಯೇ ಡೆಟ್ರಾಯಿಟ್ ಬಸ್ಸು ಹತ್ತಿದಳು.

ಬಾಗಿಲು ತೆರೆದ ಶೇಷಗಿರಿಯ ಮುಖ ಬಾಡಿತ್ತು.

"ನೀವು... ಯಾಕೆ ಬಂದ್ರಿ?"

"ನಿಮ್ಮನ್ನ ಯಾರು ಹೆದರಿಸಿದ್ರು ಅಂತ ಕೇಳೋಕೆ!"

ಅವನು ತಲೆತಗ್ಗಿಸಿದ. "ಡಿಸೆಂಬರಲ್ಲಿ ಕೆಲಸ ಹೋಯ್ತು. ಅರ್ಧ ಪ್ಲಾಂಟನ್ನೇ ಮನೆಗೆ ಕಳಿಸಿದ್ರು. ನನ್ನನ್ನ ಸಾಕೋಕೆ ಹೋಗಿ ನಿಮ್ಮ ಓದು ನಿಂತುಹೋದ್ರೆ ಅಂತ..."

"ಅಂತ ನೀವೊಬ್ರೇ ತೀರ್ಮಾನ ಮಾಡಿದ್ರಾ? ನನ್ನನ್ನ ಒಂದು ಮಾತು ಕೇಳಬೇಡ್ವಾ?" ಕಣ್ಣು ತುಂಬಿತು. "ಮತ್ತೆ ಆ ಹಾಳೆಗಳು?"

"ಅದೊಂದನ್ನ ನಿಲ್ಲಿಸೋಕೆ ಆಗ್ಲಿಲ್ಲ ನಿರುಪಮಾ... ಬರೀತಾ ಕೂತಾಗ ನೀವು ಎದುರಿಗೇ ಇದ್ದಹಾಗಿರೋದು."

"ಈಗ ನಿಜವಾಗ್ಲೂ ಎದುರಿಗೇ ಇದೀನಿ. ಬಾಯಿಬಿಟ್ಟು ಹೇಳಿ. ನಾನು ಬೇಕಾ, ಬೇಡ್ವಾ?"

"ಬೇಕು." ಅವನ ದನಿ ಒಡೆಯಿತು. "ಪ್ರಾಣಕ್ಕಿಂತ ಹೆಚ್ಚಾಗಿ ಬೇಕು."

"ಹಾಗಾದ್ರೆ ಈ ಚಳೀಲಿ ಹೊರಗೇ ನಿಲ್ಲಿಸ್ತೀರಾ?"

ಶೇಷಗಿರಿ ಅವಳ ಚೀಲ ತೆಗೆದುಕೊಂಡು ಪಕ್ಕಕ್ಕೆ ಸರಿದು ನಿಂತ.

"ಬಾ... ಒಳಗೆ ಬಾ."