ಎಡಗೈಯ ಉಂಗುರ

ಬೆಳಿಗ್ಗೆ ಹನ್ನೊಂದೂವರೆ. ಆಸ್ಟ್ರೇಲಿಯಾದ ಚಾಟ್ಸ್‌ವುಡ್‌ನ ಆಫೀಸಿನಲ್ಲಿ ನಿರೀಕ್ಷಾ ಬೇರೊಬ್ಬರ ಬುತ್ತಿ ತಿನ್ನುತ್ತಿದ್ದಳು.

ಅದು ಅವಳಿಗೆ ಗೊತ್ತಿರಲಿಲ್ಲ. 2005ರ ಮಾರ್ಚ್‌ನ ಆ ದಿನ ಸಹೋದ್ಯೋಗಿಯೊಬ್ಬರ ಬೀಳ್ಕೊಡುಗೆ ಇತ್ತು. ಎಲ್ಲರೂ ತಂದ ತಿಂಡಿ ಮೇಜಿನ ಮೇಲಿತ್ತು. ಕಾಗದದಲ್ಲಿ ಸುತ್ತಿಟ್ಟ ಬ್ರೆಡ್ಡೂ ಅದರಲ್ಲೊಂದು ಎಂದುಕೊಂಡು ಕಚ್ಚಿದಳು. ಮೇಲೆ ಕಂದು ಬಣ್ಣದ ಚೀಸ್. ಸಿಹಿ!

"ಅಯ್ಯೋ, ಎಂತದಿದು?"

"ನನ್ನ ಊಟ," ಎಂದಿತು ಹಿಂದಿನಿಂದ ಒಂದು ಧ್ವನಿ. ಅಚ್ಚ ಕರಾವಳಿ ಕನ್ನಡ! "ಪರವಾಗಿಲ್ಲ, ಇನ್ನೊಂದು ತುಂಡು ಉಂಟು."

ಅವಳು ತಿರುಗಿದಳು. ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಅವನ ಹೆಸರು ರಿತೇಶ್, ಆಫೀಸಿಗೆ ಹೊಸಬ. ಉಡುಪಿಯಿಂದ ಹೋದ ಅಪ್ಪನಿಗೆ ನಾರ್ವೆಯ ತೈಲ ಕಂಪನಿಯಲ್ಲಿ ಕೆಲಸ. ಆ ಸಿಹಿ ಚೀಸೂ ಅಲ್ಲಿಯದೇ. ಅವನು ಹುಟ್ಟಿ ಬೆಳೆದದ್ದು ಅಲ್ಲಿಯ ಸ್ಟವಾಂಗರ್‌ನಲ್ಲಿ.

ನಮ್ಮವನೇ... ಅವಳ ಮನಸ್ಸು ಹಗುರಾಯಿತು. ಮರುಕ್ಷಣ ಅವನ ಎಡಗೈ ಕಂಡಿತು. ಉಂಗುರದ ಬೆರಳಲ್ಲಿ ಸಾದಾ ಚಿನ್ನದ ಉಂಗುರ.

ಮದುವೆಯಾದವನು.

ಆದರೂ ಊಟದ ಹೊತ್ತಿಗೆ ಇಬ್ಬರೂ ಒಂದೇ ಮೇಜಿಗೆ ಬರತೊಡಗಿದರು. ಮೇ ಹದಿನೇಳು ನಾರ್ವೆಯ ರಾಷ್ಟ್ರೀಯ ದಿನ. ಅಂದು ಅಲ್ಲಿ ಶಾಲೆಯ ಮಕ್ಕಳು ಬಾವುಟ ಹಿಡಿದು ಬೀದಿಯಲ್ಲಿ ಸಾಗುತ್ತಾರೆಂದು ಅವನು ಹೇಳಿದ. ಅಪರಿಚಿತರು ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ ಎಂದೂ ಹೇಳಿದ.

"ಅಲ್ಲಿ ಜನ ಮಾತೇ ಆಡುವುದಿಲ್ವಾ?"

"ಆಡ್ತೇವೆ. ಬೇಸಿಗೆಯಲ್ಲಿ."

ಅವಳು ನಕ್ಕಳು. ಮನೆಗೆ ಹೋಗಿ ಅತ್ತಳು. ಅವನು ಹೆಂಡತಿಯ ಮಾತು ಎತ್ತಲಿಲ್ಲ. ಇವಳು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ!

ಆಗಸ್ಟ್‌ನ ಒಂದು ಚಳಿಯ ಸಂಜೆ, ರೈಲು ಪ್ಲಾಟ್‌ಫಾರಂನಲ್ಲಿ ಅವನು ನಿಂತಲ್ಲೇ ಹೇಳಿಬಿಟ್ಟ.

"ನಿರೀಕ್ಷಾ, ನಿಮ್ಮ ಜೊತೆ ಬದುಕಬೇಕು ಅನಿಸ್ತದೆ ನನಗೆ."

ಕೇಳಬೇಕೆಂದು ಕಾದಿದ್ದ ಮಾತು. ಕೇಳಬಾರದ ಬಾಯಿಂದ.

"ಆ ಉಂಗುರ ಹಾಕಿಕೊಂಡು ಹೇಳ್ತೀರಲ್ಲ... ನಾಚಿಕೆ ಆಗುವುದಿಲ್ವಾ ನಿಮಗೆ?"

ಅವನು ತನ್ನ ಕೈ ನೋಡಿಕೊಂಡ. ಮುಖ ಬಿಳಿಚಿತು.

"ಸರಿ," ಎಂದ. "ಅರ್ಥ ಆಯ್ತು."

ಒಂದು ವಿವರಣೆ ಇಲ್ಲ, ಒಂದು ಸುಳ್ಳೂ ಇಲ್ಲ. ಮುಂದಿನ ತಿಂಗಳು ಅವನು ಕಂಪನಿಯ ಮೆಲ್ಬರ್ನ್ ಆಫೀಸಿಗೆ ವರ್ಗ ಮಾಡಿಸಿಕೊಂಡು ಹೋದ. ಹೆಂಡತಿ ಅಲ್ಲಿರಬೇಕು ಎಂದುಕೊಂಡಳು ಅವಳು. ಊಟ ಸೇರದಾಯಿತು. ಊರಿನಿಂದ ಅಮ್ಮ ಫೋನಿನಲ್ಲಿ ಪ್ರತೀಕ್ ಎಂಬ ಹುಡುಗನ ಸುದ್ದಿ ಎತ್ತಿದಾಗ, "ನಿಮ್ಮಿಷ್ಟ," ಎಂದಳು.

ಕ್ರಿಸ್‌ಮಸ್ ರಜೆಗೆ ಮೆಲ್ಬರ್ನ್‌ನ ವಿಂಡಮ್ ವೇಲ್‌ಗೆ, ದೊಡ್ಡಮ್ಮ ಪ್ರೇಮಾವತಿಯ ಮನೆಗೆ ಹೋದಳು. ಪ್ರತೀಕನ ಮನೆಯವರು ಇಪ್ಪತ್ತೈದಕ್ಕೆ ಬರುವವರಿದ್ದರು. ಅಂದು ಒಪ್ಪಿಗೆ ಹೇಳಿದರೆ ಮುಗಿಯಿತು.

ಇಪ್ಪತ್ನಾಲ್ಕರ ಮಧ್ಯಾಹ್ನ ದೊಡ್ಡಮ್ಮ ಕಡುಬಿಗೆ ಅಕ್ಕಿ ತೊಳೆಯುತ್ತಿದ್ದರು.

"ಹುಡುಗನಿಗೆ ಇಲ್ಲೇ ಕಾಯಂ ಇರಲಿಕ್ಕೆ ಪಿಆರ್ ಉಂಟು, ಮನೆ ತಗೊಂಡಿದ್ದಾನೆ. ಇನ್ನೆಂತ ಬೇಕು ಹೇಳು? ನಾನು ಮೊದಲು ನಮ್ಮ ರಿತೇಶನನ್ನೇ ಯೋಚಿಸಿದ್ದೆ. ನಾರ್ವೆಯವ, ಮೊದಲಿಂದ ನಮ್ಮ ಮನೆಗೆ ಬಂದು ಹೋಗುವವ. ಮತ್ತೆ ಎರಡನೇ ಸಂಬಂಧ ಅಂತ ನಿನ್ನಮ್ಮ ಬೈತಾಳೆ ಅಂತ ಬಿಟ್ಟೆ."

ನಿರೀಕ್ಷಾಳ ಕೈಯ ಲೋಟ ಮೇಜಿಗೆ ತಾಗಿ ಸದ್ದಾಯಿತು.

"ಎರಡನೇ ಸಂಬಂಧವಾ? ಮೊದಲನೆಯವಳು?"

"ಇಂಗ್ರಿಡ್? ಪಾಪ, ಕ್ಯಾನ್ಸರ್. ಇಲ್ಲೇ ತೀರಿಕೊಂಡದ್ದು, ನಾಲ್ಕು ವರ್ಷ ಆಯ್ತು. ಕ್ರಿಸ್‌ಮಸ್ ಹಿಂದಿನ ದಿನ ಅವರಲ್ಲಿ ಸಮಾಧಿಗೆ ದೀಪ ಇಡುವುದಂತೆ. ಇವತ್ತೂ ಹೋಗಿರ್ತಾನೆ... ಎಂತಾಯ್ತೇ ನಿನಗೆ? ಯಾಕೆ ಅಳ್ತಿ?"

"ದೊಡ್ಡಮ್ಮಾ, ಕಾರು ತೆಗೀರಿ. ದಮ್ಮಯ್ಯ!"

ಸ್ಮಶಾನ ತಲುಪಿದಾಗ ಸಂಜೆ ಐದು. ಸ್ಟವಾಂಗರ್‌ನಲ್ಲಾದರೆ ಆ ಹೊತ್ತಿಗೆ ಕತ್ತಲು. ಅಲ್ಲಿ ಸಮಾಧಿಗಳ ಮೇಲೆ ದೀಪದ ಸಾಲು ಇರುತ್ತಿತ್ತು. ಇಲ್ಲಿ ಡಿಸೆಂಬರ್ ಎಂದರೆ ಬೇಸಿಗೆ. ರಣಬಿಸಿಲಿನಲ್ಲಿ ರಿತೇಶ್ ಒಬ್ಬನೇ ಮೊಣಕಾಲೂರಿ ಕುಳಿತಿದ್ದ. ಅವನು ಹಚ್ಚಿದ ಮೇಣದಬತ್ತಿಗೆ ಜ್ವಾಲೆ ಇದೆಯೋ ಇಲ್ಲವೋ ಕಾಣುತ್ತಿರಲಿಲ್ಲ. ಪ್ರೇಮಾವತಿ ಗೇಟಿನ ಬಳಿಯೇ ನಿಂತರು.

"ನಿರೀಕ್ಷಾ? ನೀವು..."

"ಎಡಗೈಯಲ್ಲಿ ಉಂಗುರ ಇದ್ದರೆ ಈ ದೇಶದಲ್ಲಿ ಏನರ್ಥ?"

"ಮದುವೆಯಾದವರು ಅಂತ." ಅವನು ತಡೆದ. ಬಾಯಿ ತೆರೆದೇ ಇತ್ತು. "ಅಂದರೆ ಅವತ್ತು..."

"ಮತ್ತೆಂತ ಅಂದುಕೊಳ್ಳಬೇಕಿತ್ತು ನಾನು!"

"ನಾರ್ವೆಯಲ್ಲಿ ಮದುವೆ ಉಂಗುರ ಬಲಗೈಗೆ. ಜೊತೆಯವರು ತೀರಿಕೊಂಡ ಮೇಲೆ ಕೆಲವರು ಎಡಗೈಗೆ ಬದಲಿಸ್ತಾರೆ. ಇವಳು ತೀರಿಕೊಂಡ ವಾರವೇ ನಾನೂ ಬದಲಿಸಿದೆ. ಅದನ್ನು ನೋಡಿದವರಿಗೆಲ್ಲ ಹೆಂಡತಿ ಇಲ್ಲ ಅಂತ ಗೊತ್ತಾಗ್ತದೆ ಅಂದುಕೊಂಡಿದ್ದೆ. ಪೆದ್ದ ನಾನು."

"ಮತ್ತೆ 'ಅರ್ಥ ಆಯ್ತು' ಅಂತ ಹೋದದ್ದು?"

"ಹೆಂಡತಿ ಸತ್ತವನು ನಿಮಗೆ ಬೇಡ ಅಂತ ಅರ್ಥ ಮಾಡಿಕೊಂಡೆ. ಬೇಡ ಅಂದವರನ್ನು ಮತ್ತೆ ಕೇಳಿ ಪೀಡಿಸಬಾರದು. ನಾನು ಬೆಳೆದದ್ದೇ ಹಾಗೆ."

"ಒಂದೇ ಒಂದು ಮಾತು ಹೆಚ್ಚು ಆಡಿದ್ದರೆ ಏನಾಗ್ತಿತ್ತು ಮಾರಾಯ್ರೆ..."

ಅವನು ಸಮಾಧಿಯತ್ತ ನೋಡಿದ.

"ನನಗೆ ಇವಳನ್ನು ಮರೆಯಲಿಕ್ಕೆ ಆಗುವುದಿಲ್ಲ, ನಿರೀಕ್ಷಾ. ಸುಳ್ಳು ಹೇಳಲಾರೆ. ಪ್ರತಿ ವರ್ಷ ಇಲ್ಲಿಗೆ ಬರ್ತೇನೆ."

ಈ ದುಃಖದಲ್ಲಿ ನನಗೊಂದು ಜಾಗ ಇದೆಯಾ? ಅವಳು ತನ್ನನ್ನೇ ಕೇಳಿಕೊಂಡಳು. ನಿಧಾನವಾಗಿ ಅವನ ಪಕ್ಕ ಕುಳಿತಳು.

"ಮರೀರಿ ಅಂತ ನಾನು ಹೇಳಿದೆನಾ?"

ಅವನ ಕಣ್ಣೀರು ಗಲ್ಲಕ್ಕೆ ಇಳಿಯಿತು, ಒರೆಸಿಕೊಳ್ಳಲಿಲ್ಲ.

"ಹಾಗಾದರೆ ಇನ್ನೊಮ್ಮೆ ಕೇಳಬಹುದಾ?"

"ಕೇಳಿ."

"ನನ್ನ ಜೊತೆ ಇರ್ತೀಯಾ?"

"ಇರ್ತೇನೆ."

ಮರುದಿನ ಪ್ರತೀಕನ ಮನೆಯವರು ಬರಲಿಲ್ಲ. ಬೆಳಿಗ್ಗೆ ಎಂಟಕ್ಕೇ ಪ್ರೇಮಾವತಿ ಅವರಿಗೆ ಫೋನ್ ಮಾಡಿ ಬರಬೇಡಿ ಎಂದು ಹೇಳಿದ್ದರು.