ಜುಂಜನ ಮೂರನೇ ಮಡಕೆ

ನಿಮ್ಮಜ್ಜನ ಅಜ್ಜನಿಗೆ ಹಾಲುಹಲ್ಲು ಮೂಡುವುದಕ್ಕೂ ಬಹಳ ಮುಂಚೆ, ಬುರುಗಾಪುರ ಅಂತ ಒಂದು ರಾಜ್ಯ ಇತ್ತು. ಅಲ್ಲಿ ಸಿರಿಯವ್ವ ಎಂಬುವಳು ಮಡಕೆಯಲ್ಲಿ ಜೇನು ಮಾಗಿಸಿ ಜೇನುಹೆಂಡ ಹಾಕುತ್ತಿದ್ದಳು. ಅದನ್ನು ಒಂದು ಗುಟುಕು ಕುಡಿದರೆ ಅಳುತ್ತಿದ್ದವರು ನಗುತ್ತಿದ್ದರು, ನಗುತ್ತಿದ್ದವರು ಹಾಡುತ್ತಿದ್ದರು, ಹಾಡುತ್ತಿದ್ದವರನ್ನು ಮನೆಗೆ ಹೊತ್ತುಕೊಂಡು ಹೋಗಬೇಕಾಗುತ್ತಿತ್ತು. ಅವಳಿಗೆ ಒಬ್ಬನೇ ಮಗ, ಜುಂಜ. ಕೆಲಸ ಅಂದರೆ ಮೈಗಳ್ಳ, ಕೀಟಲೆ ಅಂದರೆ ಊರಿಗೇ ಮೊದಲಿಗ.

ಊರಾಚೆಯ ಗುಡ್ಡದ ಮೇಲೆ ಹುಳಿಮೀಸೆ ಎಂಬ ಮಾಂತ್ರಿಕ ಇದ್ದ. ಯಾರಾದರೂ ನಕ್ಕರೆ ಅವನಿಗೆ ಹೊಟ್ಟೆಶೂಲೆ. ಒಂದು ದಿನ ಧಡಧಡ ಇಳಿದು ಬಂದು, "ಏ ಸಿರೀ, ಇವತ್ತಿಂದ ನಿನ್ನ ಮಡಕೆಯೆಲ್ಲಾ ಹುಳಿಯಾಗಬೇಕು!" ಎಂದು ಗರ್ಜಿಸಿದ.

"ನಿನ್ನ ಮುಖ ನೋಡಿದ್ರೆ ಹಾಲೇ ಒಡೆಯುತ್ತಲ್ಲಪ್ಪ, ಇನ್ನೂ ಹುಳಿ ಯಾಕೆ?" ಅಂದಳು ಸಿರಿಯವ್ವ.

ಮಾಂತ್ರಿಕ ಉರಿದುಹೋದ. ಒಂದು ಚಿಟಿಕೆ ಬೂದಿ ಊದಿದ. ಸಿರಿಯವ್ವ ಕೆಂಪು ಕೋಳಿಯಾದಳು.

"ಮಾತು ನಿನಗೇ ಇರಲಿ, ಹೆಂಡ ಹಾಕೋ ವಿದ್ಯೆ ಮಾತ್ರ ನನಗೆ," ಅಂದ. "ನಿನ್ನ ಮಗ ಮೂರು ಮಡಕೆ ಹಾಕಲಿ. ಒಂದಾದರೂ ಸಿಹಿಯಾಗಿ ಮಾಗಿ, ಅದನ್ನು ನೀನು ಕುಡಿದರೆ ಮತ್ತೆ ಹೆಂಗಸಾಗುತ್ತೀಯ. ಮೂರೂ ಕೆಟ್ಟರೆ ನಾನೇ ಬಂದು ಸಾರು ಮಾಡ್ಕೋತೀನಿ."

ಜುಂಜ ಕೋಳಿಯ ಮುಂದೆ ಕುಕ್ಕರಿಸಿ ಕೂತ. "ಅವ್ವಾ, ಹೆಂಡ ಹಾಕೋದು ಹೆಂಗೆ?"

"ಮರೆತೇಹೋಯ್ತಲ್ಲೋ, ಮೂದೇವಿ! ಹುಟ್ಟಿದಾಗಿಂದ ನನ್ನ ಪಕ್ಕದಲ್ಲೇ ಕೂತಿದ್ದೆಯಲ್ಲ, ಏನು ಕಲಿತೆ?"

"ನಿನ್ನ ಸೆರಗಿಗೆ ಮೇಕೆ ಕಟ್ಟೋದು ಕಲಿತೆ ಕಣವ್ವ."

ಕೋಳಿ ಅವನ ಕಾಲಿಗೆ ಕುಕ್ಕಿತು.

ಜುಂಜ ಜೇನು ಸುರಿದ, ನೀರು ಸುರಿದ, ಹಳೆ ಮಡಕೆಯ ತಳದ ಮಡ್ಡಿ ಬೆರೆಸಿದ. ಮೊದಲನೇ ಮಡಕೆ ಮಾಗಲು ಸಿದ್ಧವಾಯಿತು. ಮಾಂತ್ರಿಕ ಬೆಂಕಿ ಓತಿಕ್ಯಾತವನ್ನು ಕಳಿಸಿದ. ಅದು ಮಡಕೆಯನ್ನು ತಬ್ಬಿಕೊಂಡು ಮಲಗಿತು. ಓಡಿಸುವುದು ಬಿಟ್ಟು ಜುಂಜ ಖುಷಿಪಟ್ಟ. "ಮಲಕ್ಕೋ ಮಾವ, ಬೆಚ್ಚಗಿದ್ರೆ ಬೇಗ ಆಗುತ್ತೆ!" ಬೇಗ ಏನೋ ಆಯಿತು. ನೊರೆ ಉಕ್ಕಿ ಉಕ್ಕಿ ಅಂಗಳ ತುಂಬಿತು. ಕೋಳಿ ಒಂದು ಹನಿ ಬಾಯಿಗೆ ಹಾಕಿಕೊಂಡು ಥೂ ಅಂದಿತು.

"ಕುದುರೆ ಲಾಯ ತೊಳೆದ ನೀರು ಕುಡಿದಂಗಿದೆಯಲ್ಲೋ!"

ಕಾವು ಹೆಚ್ಚಾಯಿತು ಎಂಬುದು ಜುಂಜನಿಗೆ ಗೊತ್ತಾಯಿತು. ಎರಡನೇ ಮಡಕೆಗೆ ಗುಂಡಿ ತೋಡಿ, ಒದ್ದೆ ಮರಳು ತುಂಬಿ, ಅದರೊಳಗೆ ಮಡಕೆ ಹೂತು, ಮೇಲೆ ನೆನೆಸಿದ ಗೋಣಿ ಸುತ್ತಿದ. ಓತಿಕ್ಯಾತ ಬಂದು ಮರಳು ಮುಟ್ಟಿದ್ದೇ ತಡ, ಚುಸ್ ಎಂದು ಆರಿಹೋಗಿ, ಬಾಲ ಎತ್ತಿಕೊಂಡು ಓಡಿತು. ಆಮೇಲೆ ಬಂತು ಮಾಂತ್ರಿಕನ ಹುಳಿನೊಣಗಳ ಹಿಂಡು. ಒಂದು ನೊಣ ಒಳಗೆ ಬಿದ್ದರೂ ಹೆಂಡವೆಲ್ಲ ಹುಳಿ. ಜುಂಜ ಮಡಕೆಯ ಬಾಯಿಗೆ ಬಿರಡೆ ಜಡಿದ, ಜೇಡಿಮಣ್ಣು ಮೆತ್ತಿದ, ಸಾಲದು ಅಂತ ಒರಳುಕಲ್ಲು ಹೇರಿದ.

"ಲೋ, ಉಸಿರು ಕಟ್ಟಿ ಮಡಕೆ ನರಳ್ತಾ ಇದೆ," ಅಂದಿತು ಕೋಳಿ.

"ನರಳ್ಲಿ ಬಿಡವ್ವ."

ಢಮಾರ್! ಒರಳುಕಲ್ಲು ಸೂರು ತೂತು ಮಾಡಿಕೊಂಡು ಹಾರಿ, ಮಂತ್ರಿಯ ಹಿತ್ತಲಿನ ಕುಂಬಳಕಾಯಿಗಳ ಮೇಲೆ ಕೂತಿತು.

ಉಳಿದದ್ದು ಒಂದೇ ಮಡಕೆಯ ಜೇನು. ಕೋಳಿ ಮೂಲೆಯಲ್ಲಿ ಮುದುರಿ ಕೂತಿತ್ತು, ಬೈಯಲೂ ಇಲ್ಲ. ಅದು ಜುಂಜನಿಗೆ ಬೈಗುಳಕ್ಕಿಂತ ಕಷ್ಟವಾಯಿತು. ಅವ್ವನನ್ನು ರೇಗಿಸೋಣ ಅಂತ ಪರಂಗಿ ಎಲೆಯ ಟೊಳ್ಳು ತೊಟ್ಟು ಕಿತ್ತು ತಂದು, ಕೋಳಿಯ ನೀರಿನ ಬೋಗುಣಿಗೆ ಅದ್ದಿ ಊದಿದ. ಗುಳುಗುಳು ಗುಳುಕ್!

"ನನ್ನ ಕುಡಿಯೋ ನೀರಿಗೆ ಎಂಜಲು ಉಗೀತೀಯೇನೋ, ಹಲ್ಕಾ!"

ಜುಂಜ ಊದುವುದು ನಿಲ್ಲಿಸಿ ಗುಳ್ಳೆಯನ್ನೇ ನೋಡಿದ. "ಅವ್ವಾ! ಒಳಗಿನ ಉಸಿರು ನೀರು ದಾಟಿ ಹೊರಗೆ ಬರ್ತಿದೆ. ಹೊರಗಿನ ನೊಣ ನೀರು ದಾಟಿ ಒಳಗೆ ಹೋಗಕ್ಕಾಗುತ್ತಾ?"

ಮೂರನೇ ಮಡಕೆಯನ್ನೂ ಒದ್ದೆ ಮರಳಲ್ಲಿ ಹೂತ. ಮುಚ್ಚಳಕ್ಕೆ ತೂತು ಕೊರೆದು ಬಾಡಿಸಿದ ಪರಂಗಿ ತೊಟ್ಟು ಸಿಕ್ಕಿಸಿ, ಸಂದಿಗೆಲ್ಲ ರಾಗಿಹಿಟ್ಟು ಕಲಸಿ ಮೆತ್ತಿ, ತೊಟ್ಟನ್ನು ಬಗ್ಗಿಸಿ ತುದಿಯನ್ನು ಬೋಗುಣಿಯ ನೀರಲ್ಲಿ ಮುಳುಗಿಸಿದ. ಗುಳುಕ್... ಗುಳುಕ್... ಮಡಕೆ ಉಸಿರಾಡತೊಡಗಿತು. ನೊಣಗಳು ಸುತ್ತಿ ಸುತ್ತಿ ತಲೆ ತಿರುಗಿ ಉದುರಿದವು.

ಆಗ ಮಾಂತ್ರಿಕ ಮಂಜಿನ ತೋಳವನ್ನು ಬಿಟ್ಟ. ಅದು ಮಡಕೆಯ ಮೇಲೆ ಒಮ್ಮೆ ಉಸಿರು ಬಿಟ್ಟಿತು. ಮರಳು ಚಳಿಗೆ ಹೆಪ್ಪುಗಟ್ಟಿ ಕಲ್ಲಾಯಿತು, ಗುಳುಕು ನಿಂತಿತು, ಬೋಗುಣಿಯ ನೀರು ತೊಟ್ಟಿನೊಳಕ್ಕೆ ಏರತೊಡಗಿತು. ಜುಂಜ ಕೊಳ್ಳಿ ಹಿಡಿದು ಓಡಿಬಂದವನು ಅರ್ಧಕ್ಕೇ ನಿಂತ. ಬೆಂಕಿ ಕೊಟ್ಟರೆ ಮತ್ತೆ ಲಾಯದ ನೀರು!

"ಪಕ್ಕಕ್ಕೆ ಸರಿಯೋ," ಅಂದಿತು ಕೋಳಿ. ತೋಳದ ಮೂಗಿಗೆ ಒಂದು ಕುಕ್ಕು ಕೊಟ್ಟಿತು. ತೋಳ ಒಡೆದು ಇಬ್ಬನಿಯಾಯಿತು. ಕೋಳಿ ಮಡಕೆಯ ಮೇಲೆ ಹತ್ತಿ, ರೆಕ್ಕೆ ಹರಡಿ ಕಾವಿಗೆ ಕೂತಿತು.

"ಎಷ್ಟು ಬೆಚ್ಚಗೆ ಬೇಕು ಅಂತ ನಿಂಗೆ ಗೊತ್ತಾ ಅವ್ವಾ? ವಿದ್ಯೆ ಮರೆತೋಗಿದೆ ಅಂದಿದ್ದೆ?"

"ಹೆಂಡದ್ದು ಮರೆತಿದೆ. ಕೋಳಿಗೆ ಕಾವು ಕೊಡೋದನ್ನ ಯಾವನು ಕಲಿಸ್ಬೇಕೋ?"

ಏರಿದ ನೀರು ಮೆಲ್ಲಗೆ ಇಳಿಯಿತು. ಗುಳುಕ್!

ಹೀಗೆ ಬಿಸಿಲೇರಿದರೆ ಜುಂಜ ಗೋಣಿ ನೆನೆಸಿದ, ಚಳಿ ಬಿದ್ದರೆ ಅವ್ವ ಕಾವಿಗೆ ಕೂತಳು. ಹೆಂಡ ಹದವಾಗಿ ಮಾಗಿತು.

ಆಗ ಮಾಂತ್ರಿಕ ತಾನೇ ಬಂದ, ಕಂಕುಳಲ್ಲಿ ಸಾರಿನ ಪಾತ್ರೆ ಇಟ್ಟುಕೊಂಡು. ಘಮಘಮ ಪರಿಮಳ ಮೂಗಿಗೆ ಬಡಿದು ಅವನ ಮೀಸೆ ನಡುಗಿತು. ತಾನೇ ಒಂದು ದಪ್ಪ ಹುಳಿನೊಣವಾಗಿ ಹಾರಿದ. ದಾರಿ ಎಲ್ಲಿ? ಮುಚ್ಚಳದ ಸುತ್ತ ಹಿಟ್ಟು. ತೊಟ್ಟಿನ ಬಾಯಿ ನೀರೊಳಗೆ.

"ಬನ್ನಿ ಸ್ವಾಮಿ, ಸ್ನಾನ ಮಾಡ್ಕೊಂಡು ಒಳಗೆ ಬನ್ನಿ!" ಎಂದು ಜುಂಜ ಬಗ್ಗಿ ಕೈಮುಗಿದ.

ರೋಷಕ್ಕೆ ಮಾಂತ್ರಿಕ ನೀರಿಗೆ ಹಾರಿದ. ರೆಕ್ಕೆ ಒದ್ದೆಯಾಯಿತು, ಬಾಯಿಗೆ ನೀರು ನುಗ್ಗಿ ಮಂತ್ರ ಮರೆತುಹೋಯಿತು. ಅಷ್ಟರಲ್ಲಿ ಗುಳುಕ್ ಎಂದು ಒಂದು ಗುಳ್ಳೆ ಎದ್ದು ಅವನನ್ನು ದಡಕ್ಕೆ ಎಸೆಯಿತು, ಕೋಳಿಯ ಕಾಲ ಬುಡಕ್ಕೇ.

ಕೊಕ್.

"ಥೂ, ಎಂಥಾ ಹುಳಿ! ಬಾಯಿಗೆ ಏನಾದ್ರೂ ಸಿಹಿ ಕೊಡೋ," ಅಂದಿತು ಕೋಳಿ.

ಜುಂಜ ಮುಚ್ಚಳ ತೆಗೆದು ಬೊಗಸೆಯಲ್ಲಿ ಮೊಗೆದು ಕೊಟ್ಟ. ಕೋಳಿ ಕುಡಿಯಿತು. ಪುಕ್ಕವೆಲ್ಲ ಉದುರಿ, ಸಿರಿಯವ್ವ ಸೊಂಟಕ್ಕೆ ಕೈಯಿಟ್ಟು ನಿಂತಳು. ಇನ್ನೊಂದು ಗುಟುಕು ಹೀರಿ, ತುಟಿ ಚಪ್ಪರಿಸಿದಳು.

"ಲೋ ಜುಂಜ, ಇದು ನನ್ನ ಹೆಂಡಕ್ಕಿಂತ ಚೆನ್ನಾಗಿದೆ ಕಣೋ."

ಜುಂಜ ಗುಡ್ಡಕ್ಕೆ ಕೇಳುವ ಹಾಗೆ ಕೇಕೆ ಹಾಕಿದ. ಊರೆಲ್ಲ ಚೆಂಬು ಹಿಡಿದು ಓಡಿಬಂತು. ರಾಜ ಬಂದ, ರಾಣಿ ಬಂದಳು, ಕುಂಬಳಕಾಯಿ ಮರೆತು ಮಂತ್ರಿಯೂ ಬಂದ. ಕುಡಿದರು, ನಕ್ಕರು, ಹಾಡಿದರು. ಬುರುಗಾಪುರದ ಒಂದೊಂದು ಮನೆಯಲ್ಲೂ ಒಂದೊಂದು ಮಡಕೆ ಗುಳುಕ್ ಅನ್ನುತ್ತಾ, ಅಮ್ಮ ಮಗ ಜಗಳವಾಡುತ್ತಾ, ಎಲ್ಲರೂ ಹೊಟ್ಟೆ ತುಂಬಾ ನಗುತ್ತಾ ಬಾಳಿದರು.